ಕ್ರಿಂಪಿಂಗ್ ಟೂಲಿಗೆ ಅಡಿಕೆ ವಾಸನೆ

ನನ್ನ ಕ್ರಿಂಪಿಂಗ್ ಟೂಲ್ ಅಡಿಕೆ ವಾಸನೆ ಹೊಡೆಯುತ್ತಿದೆ. ಮೂಗಿನ ಹತ್ತಿರ ಹಿಡಿದು ನೋಡಿದೆ, ಅನುಮಾನವೇ ಇಲ್ಲ. ಬ್ಲೇಡಿನ ಸಂದಿಯಲ್ಲಿ ಕಂದು ಪುಡಿ ಬೇರೆ.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ನೆಟ್‌ವರ್ಕ್ ಕೇಬಲ್ಲಿನ ತುದಿಗೆ ಪ್ಲಾಸ್ಟಿಕ್ ಕನೆಕ್ಟರ್ ಕೂರಿಸುವ ಇಕ್ಕಳ ಇದು. ಕೇಬಲ್ಲಿನೊಳಗೆ ಎಂಟು ಎಳೆ. ವೈಟ್ ಆರೆಂಜ್, ಆರೆಂಜ್, ವೈಟ್ ಗ್ರೀನ್, ಬ್ಲೂ, ವೈಟ್ ಬ್ಲೂ, ಗ್ರೀನ್, ವೈಟ್ ಬ್ರೌನ್, ಬ್ರೌನ್. ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತೇನೆ. ಹೆಂಡತಿಯ ಫೋನ್ ನಂಬರ್ ಕೇಳಿದರೆ ಮಾತ್ರ ಮೊಬೈಲ್ ತೆಗೆದು ನೋಡಬೇಕು. ಈ ಎಂಟನ್ನೂ ಸಾಲಾಗಿ ಹಿಡಿದು, ಒಂದೇ ಸಮ ಕತ್ತರಿಸಿ, ಕನೆಕ್ಟರಿಗೆ ತೂರಿಸಿ ಒತ್ತಿದರೆ ಮುಗಿಯಿತು.

ಇವತ್ತು ಮುಗಿಯಲಿಲ್ಲ. ಮೀಟಿಂಗ್ ರೂಮಿನಲ್ಲಿ ಕ್ಲೈಂಟ್ ಬಂದು ಕೂತಿದ್ದಾರೆ. ಕೇಬಲ್ಲಿನ ತುದಿ ಮುರಿದಿದೆ. ಹೊಸ ಕನೆಕ್ಟರ್ ಹಾಕಿ ಟೆಸ್ಟರಿಗೆ ಚುಚ್ಚಿದೆ. ಎಳೆಗೊಂದರಂತೆ ಬರಬೇಕಾದ ಲೈಟು ಒಂದರಿಂದ ಐದರವರೆಗೆ ಚೆನ್ನಾಗಿ ಬಂತು, ಆಮೇಲೆ ಸೀದಾ ಏಳಕ್ಕೆ ಹಾರಿತು. ಕತ್ತರಿಸಿ ಮತ್ತೆ ಹಾಕಿದೆ. ಮತ್ತೆ ಆರು ಕತ್ತಲೆ. ನಾಲ್ಕೋ ಐದೋ ಕೈಕೊಟ್ಟಿದ್ದರೆ ಹೇಗೋ ನೂರು ಎಂಬಿಪಿಎಸ್ ವೇಗದಲ್ಲಿ ಕುಂಟಿಸಬಹುದಿತ್ತು. ಒಂದು, ಎರಡು, ಮೂರು, ಆರು, ಈ ನಾಲ್ಕು ಇಲ್ಲದಿದ್ದರೆ ಆ ನೂರೂ ಇಲ್ಲ. ಹಿಂದೆ ಮ್ಯಾನೇಜರ್ ನಿಂತು "ಆಯ್ತಾ? ಆಯ್ತಾ?" ಅನ್ನುತ್ತಿದ್ದಾರೆ. ಹಾಗೆ ಕೇಳಿದರೆ ಕೇಬಲ್ಲಿಗೆ ನಾಚಿಕೆಯಾಗಿ ಸರಿಹೋಗುತ್ತದೆ ಅಂತ ಇರಬೇಕು.

ಕೊನೆಗೆ ಟೂಲನ್ನೇ ಬೆಳಕಿಗೆ ಹಿಡಿದೆ. ಬ್ಲೇಡಿನಲ್ಲಿ ಒಂದು ಕಡೆ ಚಕ್ಕೆ ಎದ್ದಿದೆ. ಆ ಜಾಗದಲ್ಲಿ ಎಳೆ ಕತ್ತರಿಸುವ ಬದಲು ಜಜ್ಜಿಹೋಗುತ್ತಿತ್ತು. ಜಜ್ಜಿದ ತುದಿ ಕನೆಕ್ಟರಿನ ಕೊನೆಯವರೆಗೆ ಹೋಗದೆ ಒಳಗೇ ಮಡಚಿಕೊಳ್ಳುತ್ತಿತ್ತು. ಆಗಲೇ ವಾಸನೆ ಬಂದದ್ದು.

ಆಫೀಸಿನಲ್ಲಿ ಐಟಿಯವನ ಡ್ರಾಯರ್ ಅಂದರೆ ಸಾರ್ವಜನಿಕ ಆಸ್ತಿ. ಅಕೌಂಟ್ಸಿನ ಸ್ಟೇಪ್ಲರ್ ಮುಟ್ಟಿ ನೋಡಿ, ಹೆಸರು ಬರೆಸಿಕೊಂಡು ಕೊಡುತ್ತಾರೆ. ನನ್ನ ಸಾಮಾನಿಗೆ ಹೇಳುವವರು ಕೇಳುವವರು ಇಲ್ಲ. ಸ್ಕ್ರೂಡ್ರೈವರ್ ಸೆಟ್ಟಿನ ಅತಿ ಚಿಕ್ಕ ಬಿಟ್ ಯಾರದೋ ಕನ್ನಡಕ ರಿಪೇರಿಗೆ ಹೋದದ್ದು ಹೋದದ್ದೇ. ಕೀಬೋರ್ಡಿನ ಧೂಳು ಊದುವ ಬ್ಲೋಯರಿನಲ್ಲಿ ಎಚ್‌ಆರ್‌ನವರು ಬರ್ತ್‌ಡೇ ಬಲೂನು ತುಂಬಿಸಿದರು. ಟೈಪ್-ಸಿಯಿಂದ ಎಚ್‌ಡಿಎಂಐಗೆ ಹಾಕುವ ಡಾಂಗಲ್ ಪದೇ ಪದೇ ಕಾಣೆಯಾಗುತ್ತದೆ ಅಂತ ಬ್ಯಾಂಕಿನ ಪೆನ್ನಿಗೆ ಕಟ್ಟಿದ ಹಾಗೆ ದಾರ ಕಟ್ಟಿಟ್ಟೆ. ಈಗ ದಾರವೂ ಇಲ್ಲ. ಆಯುಧಪೂಜೆಯ ದಿನ ಮಾತ್ರ ಇದೇ ಸಾಮಾನುಗಳನ್ನು ಸಾಲಾಗಿ ಜೋಡಿಸಿ, ಅರಿಶಿನ ಕುಂಕುಮ ಹಚ್ಚಿ, ಸರ್ವರ್ ರೂಮಿನ ಮುಂದೆ ಬೂದುಗುಂಬಳ ಒಡೆದು ಎಲ್ಲರೂ ಕೈಮುಗಿಯುತ್ತಾರೆ. ಮರುದಿನ ವಿಜಯದಶಮಿ, ರಜೆ. ಅದರ ಮರುದಿನದಿಂದ ಮತ್ತೆ ಎರವಲು ಶುರು. ಯುಎಸ್‌ಬಿ ಪೋರ್ಟಿನೊಳಗೆ ಹೋದ ಕುಂಕುಮ ತೆಗೆಯಲು ನನಗೆ ದೀಪಾವಳಿ ಬರುತ್ತದೆ.

ಅಡಿಕೆ ಯಾರದು ಅಂತ ಹುಡುಕಬೇಕಾಗಿರಲಿಲ್ಲ. ನಮ್ಮ ಆಫೀಸಿನಲ್ಲಿ ಅಡಿಕೆ ಹಾಕುವವರು ಒಬ್ಬರೇ, ಅಕೌಂಟ್ಸ್ ಸರ್. ಶಿರಸಿ ಕಡೆಯವರು. ಊಟವಾದ ಮೇಲೆ ಮೆಲ್ಲಗೆ ಬಂದು, "ಆ ನಿನ್ನ ಇಕ್ಕಳ ಕೊಡು ಮಾರಾಯ, ಸಣ್ಣ ಕೆಲಸ ಇದೆ" ಅನ್ನುತ್ತಿದ್ದರು. ಫೈಲಿನ ಕ್ಲಿಪ್ಪೋ ಏನೋ ಸರಿಮಾಡಿಕೊಳ್ಳುತ್ತಾರೆ ಅಂದುಕೊಂಡಿದ್ದೆ. ಹೋದ ವಾರ ವಾಪಸ್ ಕೊಡುವಾಗ, "ಹರಿತ ಕಡಿಮೆ ಆಗಿದೆ, ಸಾಣೆ ಹಿಡಿಸು" ಅಂದಿದ್ದರು. ಅಕೌಂಟ್ಸಿನವರಿಗೆ ನೆಟ್‌ವರ್ಕಿನ ಮೇಲೆ ಎಷ್ಟು ಕಾಳಜಿ ಅಂತ ನನಗೆ ಒಳಗೊಳಗೇ ಖುಷಿಯಾಗಿತ್ತು.

ಇವತ್ತು ಮಧ್ಯಾಹ್ನ ಸುಮ್ನೆ ಟೂಲ್ ಕೊಟ್ಟು ಹಿಂದೆಯೇ ಹೋದೆ. ಪ್ಯಾಂಟ್ರಿಯ ಮೂಲೆಯಲ್ಲಿ ಹಳೇ ಪೇಪರ್ ಹಾಸಿದರು. ಜೇಬಿನಿಂದ ಡಬ್ಬಿ ತೆಗೆದು, ಅಡಿಕೆಗಳನ್ನು ಒಂದೊಂದಾಗಿ ಕಿವಿಯ ಹತ್ತಿರ ಅಲ್ಲಾಡಿಸಿ ನೋಡಿದರು. ಒಂದನ್ನು ಆರಿಸಿ, ಎಂಟು ಎಳೆಗಳಿಗೆಂದೇ ಹುಟ್ಟಿದ ಆ ಬ್ಲೇಡಿನ ನಡುವೆ ಕೂರಿಸಿದರು. ಅದು ಜಾರಿತು. ಮತ್ತೆ ಕೂರಿಸಿದರು. ಒಂದು ಕಣ್ಣು ಮುಚ್ಚಿ, ಎರಡೂ ಕೈಯಲ್ಲಿ ಹಿಡಿ ಅಮುಕಿ, ಉಸಿರು ಬಿಗಿಹಿಡಿದರು. ಕಟಕ್! ಒಂದು ಹೋಳು ಪೇಪರಿನ ಮೇಲೆ, ಇನ್ನೊಂದು ಕಾಫಿ ಮೆಷಿನ್ನಿನ ಕೆಳಗೆ. ಬಗ್ಗಿ ಅದನ್ನೂ ತೆಗೆದು ಊದಿದರು. ಆಮೇಲೆ ನನ್ನ ಟೂಲನ್ನು ಕರ್ಚೀಫಿನಲ್ಲಿ ಒರೆಸುತ್ತಾ ತಿರುಗಿದರು. ನಾನು ನಿಂತಿದ್ದೇನೆ.

"ಸರ್, ಇದು ಕೇಬಲ್ಲಿಗೆ ಇರೋದು."

"ಗೊತ್ತು ಮಾರಾಯ. ಅದಕ್ಕೇ ಹೋಳು ಒಂದೇ ಸಮ ಬರೋದಿಲ್ಲ."

ಇಂಥವರ ಹತ್ತಿರ ಏನು ಜಗಳ ಆಡುವುದು ಹೇಳಿ. ಅಡಕತ್ತರಿ ತರಬಾರದಾ ಸರ್ ಅಂದೆ. ತಂದಿದ್ದರಂತೆ. ಗೇಟಿನ ಸೆಕ್ಯುರಿಟಿ ಹರಿತವಾದ ವಸ್ತು ಒಳಗೆ ಬಿಡುವುದಿಲ್ಲ ಅಂದನಂತೆ. ನನ್ನ ಟೂಲಿಗೂ ಬ್ಲೇಡಿದೆ, ಆದರೆ ಅದಕ್ಕೆ ಕಂಪನಿಯ ಅಸೆಟ್ ಸ್ಟಿಕ್ಕರ್ ಅಂಟಿಸಿದೆ. "ಬೇರೆ ಅಡಕತ್ತರಿ ಆಗಿದ್ದರೆ ಗೇಟಲ್ಲೇ ಇಟ್ಟು ಬರ್ತಿದ್ದೆ. ಅದು ಆಯಿದು" ಅಂದರು. ಆಯಿ ಅಂದರೆ ಅವರ ತಾಯಿ.

ಆ ಅಡಕತ್ತರಿ ನಾನು ನೋಡಿದ್ದೇನೆ. 2020ರ ಲಾಕ್‌ಡೌನಿನಲ್ಲಿ ಪಾಸ್ ಅಂಟಿಸಿಕೊಂಡ ವ್ಯಾನಿನಲ್ಲಿ ಮನೆಮನೆಗೆ ಕಂಪ್ಯೂಟರ್ ಮುಟ್ಟಿಸುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಸಿಲ್ಕ್ ಬೋರ್ಡ್ ಸಿಗ್ನಲ್ಲನ್ನು ಗೇರ್ ಬದಲಿಸದೆ ದಾಟಿದ್ದು ಅದೇ ಮೊದಲು, ಅದೇ ಕೊನೆ. ಆಫೀಸಿನಲ್ಲಿ ಹೆಸರು ಕೂಡ ಗೊತ್ತಿಲ್ಲದವರು ಬಾಗಿಲಲ್ಲಿ ಕಾದು ನಿಲ್ಲುತ್ತಿದ್ದರು. ಹನುಮಂತನಗರದಲ್ಲಿ ಸರ್ ಮನೆಗೆ ಹೋದಾಗ ಅವರ ತಾಯಿ ಗ್ರಿಲ್ಲಿನ ಆಚೆ ಕೂತು ಅಡಿಕೆ ಹೆಚ್ಚುತ್ತಿದ್ದರು. ಹಿತ್ತಾಳೆ ಹಿಡಿಯ ಅಡಕತ್ತರಿ, ಕೈ ತಾಗುವ ಕಡೆ ಕನ್ನಡಿಯ ಹಾಗೆ ಸವೆದಿತ್ತು. "ತಮಾ, ಆಸ್ರಿಗೆ ಬೇಕಾ?" ಅಂತ ಕೇಳಿ, ಬೆಲ್ಲ, ನಿಂಬೆಹಣ್ಣಿನ ಪಾನಕದ ಲೋಟ ಗ್ರಿಲ್ಲಿನ ಸಂದಿಯಲ್ಲಿ ದಾಟಿಸಿದರು. ಮಾಸ್ಕ್ ಕೆಳಗಿಳಿಸಿ ರಸ್ತೆಯಲ್ಲೇ ನಿಂತು ಕುಡಿದೆ. ಎಲ್ಲರೂ ಎಲ್ಲರಿಗೂ ಹೆದರುತ್ತಿದ್ದ ದಿನಗಳು ಅವು. ಅವರು ಹೋಗಿ ಈಗ ವರ್ಷಗಳಾದವು.

ಹಾಗಂತ ನನ್ನ ಬ್ಲೇಡ್ ಹರಿತವಾಗುವುದಿಲ್ಲವಲ್ಲ. ಹೊಸ ಟೂಲ್ ಬೇಕು. ಎಸ್.ಪಿ. ರೋಡಿಗೆ ಹೋದರೆ ಮೊದಲನೇ ಅಂಗಡಿಯಲ್ಲೇ ಸಿಗುತ್ತದೆ. ಆದರೆ ಇಂಡೆಂಟ್, ಅಂದರೆ ಖರೀದಿಯ ಫಾರಂ, ಬರೆಯಬೇಕು, ಅದಕ್ಕೆ ಅಕೌಂಟ್ಸಿನಲ್ಲಿ ಸಹಿ ಆಗಬೇಕು. ಅಲ್ಲಿ ಸಹಿ ಬೀಳುವುದು ಸುಲಭವಲ್ಲ. ವಿಂಡೋಸ್ 10ಕ್ಕೆ ಉಚಿತ ಸೆಕ್ಯುರಿಟಿ ಅಪ್‌ಡೇಟ್ 2025ರ ಅಕ್ಟೋಬರ್ 14ಕ್ಕೇ ನಿಂತಿತು. ಹೊಸ ಕಂಪ್ಯೂಟರುಗಳಿಗೆ ನಾನು ಬರೆದ ಇಂಡೆಂಟ್ ಮಾತ್ರ ಇನ್ನೂ ಸರ್ ಟೇಬಲ್ಲಿನ ಮೇಲೆ ಅಡಿಕೆ ಡಬ್ಬಿಯ ಕೆಳಗಿದೆ.

ಸಂಜೆಯೊಳಗೆ ಟೂಲಿನ ಫಾರಂ ವಾಪಸ್ ಬಂತು. ಮೇಲೆ ಕೆಂಪು ಇಂಕಿನಲ್ಲಿ ಸರ್ ಅಕ್ಷರ: "ಹಳೆಯದಕ್ಕೆ ಏನಾಗಿದೆ? ಕಾರಣ ನಮೂದಿಸಿ."

ಹಿಡಿದುಕೊಂಡು ಹೋದೆ. "ಸರ್, ಏನಾಗಿದೆ ಅಂತ ನಿಮಗೆ ಗೊತ್ತಲ್ವಾ?"

"ನನಗೆ ಗೊತ್ತು. ಆಡಿಟ್ಟಿನವರಿಗೆ ಗೊತ್ತಾಗಬೇಕಲ್ಲ."

"ಅಡಿಕೆ ಅಂತ ಬರೀಲಾ?"

ಕನ್ನಡಕದ ಮೇಲಿಂದ ನೋಡಿದರು. "ದೈನಂದಿನ ಬಳಕೆಯಿಂದ ಸವೆತ ಅಂತ ಬರಿ."

ಬರೆದೆ. ಪೂರ್ತಿ ಓದಿ, ತಲೆಯಾಡಿಸಿ, ಸಂಖ್ಯೆಯ ಕಾಲಮ್ಮಿನಲ್ಲಿದ್ದ 1 ಹೊಡೆದುಹಾಕಿ 2 ಮಾಡಿ, ಪಕ್ಕದಲ್ಲಿ ಸಣ್ಣ ಸಹಿ ಹಾಕಿದರು. ನಾನು ಇಲ್ಲಿ ಕೆಲಸಕ್ಕೆ ಸೇರಿದಾಗಿನಿಂದ ಅಕೌಂಟ್ಸಿನವರು ಕೇಳಿದ್ದಕ್ಕಿಂತ ಜಾಸ್ತಿ ಕೊಟ್ಟದ್ದು ಇದೇ ಮೊದಲು. ಬಾಯಿ ಬಿಡದೆ ಫಾರಂ ಎತ್ತಿಕೊಂಡು ಲಿಫ್ಟಿನ ಕಡೆ ಓಡಿದೆ. ಬಾಗಿಲು ಮುಚ್ಚುವಷ್ಟರಲ್ಲಿ ಹಿಂದಿನಿಂದ ಕೂಗು ಬಂತು.

"ಒಂದರ ಹಿಡಿ ಉದ್ದ ಇರೋದು ನೋಡ್ಕೊಂಡು ತಾ ಮಾರಾಯ, ಅಮುಕಿ ಅಮುಕಿ ಕೈ ನೋಯ್ತದೆ!"