ಅದೂ ಡಿಸ್ಕೇ, ಇದೂ ಡಿಸ್ಕೇ ಅಲ್ವಾ?

ಮದುವೆ ಸೀಸನ್ ಮಧ್ಯೆ ರೈಡ್‌ನಿಂದ, ಅಂದರೆ ಸರ್ವರಿನಲ್ಲಿ ಹಲವು ಡಿಸ್ಕ್‌ಗಳನ್ನು ಒಂದೇ ಗುಂಪಾಗಿ ಓಡಿಸುವ ವ್ಯವಸ್ಥೆಯಿಂದ, ಒಂದು ಡಿಸ್ಕ್ ಕಳಚಿಕೊಂಡರೆ ಏನಾಗುತ್ತದೆ ಅಂತ ಫೋಟೊ ಸ್ಟುಡಿಯೋದಲ್ಲಿ ಕೆಲಸ ಮಾಡಿದವರಿಗೆ ಬಿಡಿಸಿ ಹೇಳಬೇಕಿಲ್ಲ. ಎಡಿಟಿಂಗ್ ತೆವಳುತ್ತಿರುತ್ತದೆ. ಆಲ್ಬಂ ಎಲ್ಲಿ ಅಂತ ಹುಡುಗಿಯ ಅಪ್ಪ ಫೋನ್ ಮೇಲೆ ಫೋನ್ ಮಾಡುತ್ತಿರುತ್ತಾರೆ. ಮೂಲೆಯಲ್ಲಿ ಸರ್ವರ್ ಬೀಪ್ ಬೀಪ್ ಅಂತ ಪ್ರಾಣ ತಿನ್ನುತ್ತಿರುತ್ತದೆ.

ಈ ಸಲ ಬೀಪ್ ತುಂಬಾ ಮೆತ್ತಗೆ ಕೇಳಿಸಿತು. ಹೋಗಿ ನೋಡಿದರೆ ನಮ್ಮ ಓನರ್ ಸರ್ವರಿಗೆ ದಪ್ಪ ಟರ್ಕಿ ಟವೆಲ್ ಹೊದಿಸಿದ್ದಾರೆ! ಗಾಳಿ ಹೋಗುವ ಜಾಗವನ್ನೂ ಬಿಟ್ಟಿಲ್ಲ, ಟವೆಲ್ ಅಂಚನ್ನು ನೀಟಾಗಿ ಒಳಗೆ ಸಿಕ್ಕಿಸಿದ್ದಾರೆ. "ಕಸ್ಟಮರ್ ಮುಂದೆ ಆ ಶಬ್ದ ಚೆನ್ನಾಗಿರಲ್ಲ, ಅಲ್ವಾ?" ಅಂದರು. ಮುಟ್ಟಿದರೆ ಡಿಸ್ಕ್‌ಗಳ ಮೇಲೆ ದೋಸೆ ಹುಯ್ಯಬಹುದಿತ್ತು.

ಇದೆಲ್ಲ ಶುರುವಾಗಿದ್ದು ಬೆಂಗಳೂರಿನ ಎಸ್.ಪಿ. ರೋಡಿನ ಕಂಪ್ಯೂಟರ್ ಅಂಗಡಿಯಲ್ಲಿ. ನಾನು ಸರ್ವರಿಗೆಂದೇ ಮಾಡಿದ ಎಂಟರ್‌ಪ್ರೈಸ್ ಡಿಸ್ಕ್ ಅಂದೆ, 5 ವರ್ಷ ವಾರಂಟಿ ಅಂದೆ. ಓನರ್ ಎರಡು ಡಬ್ಬಿ ಅಕ್ಕಪಕ್ಕ ಇಟ್ಟು, "ಅದೂ 8 ಟಿಬಿ, ಇದೂ 8 ಟಿಬಿ. ಅದೂ ಡಿಸ್ಕೇ, ಇದೂ ಡಿಸ್ಕೇ ಅಲ್ವಾ?" ಅಂದು ಡೆಸ್ಕ್‌ಟಾಪ್ ಡಿಸ್ಕುಗಳನ್ನೇ ಚೀಲಕ್ಕೆ ಹಾಕಿಸಿದರು. ಚೌಕಾಸಿ ಮಾಡಿ ಒಂದು ಮೌಸ್ ಪ್ಯಾಡನ್ನೂ ಗಿಟ್ಟಿಸಿದರು.

ಡೆಸ್ಕ್‌ಟಾಪ್ ಡಿಸ್ಕ್ ಕೆಟ್ಟದ್ದಲ್ಲ, ಹಠಮಾರಿ. ಒಂದು ಸೆಕ್ಟರ್ (ಡಿಸ್ಕಿನ ಒಂದು ಪುಟ್ಟ ತುಣುಕು) ಓದಲು ಆಗದಿದ್ದರೆ ನಿಮಿಷಗಟ್ಟಲೆ ಅದನ್ನೇ ತಡಕುತ್ತಾ ಕೂರುತ್ತದೆ, ರಶ್ ಬಸ್ಸಿನಲ್ಲಿ ಜೇಬೆಲ್ಲ ಚಿಲ್ಲರೆಗಾಗಿ ತಡಕುವ ಯಜಮಾನರ ಹಾಗೆ. ಒಂದೇ ಡಿಸ್ಕ್ ಇರುವ ಮನೆ ಕಂಪ್ಯೂಟರಿಗೆ ಆ ಹಠ ಬೇಕೇ ಬೇಕು. ಡಿಸ್ಕ್‌ಗಳನ್ನೆಲ್ಲ ನೋಡಿಕೊಳ್ಳುವ ರೈಡ್ ಕಾರ್ಡಿಗೆ ಅಷ್ಟು ತಾಳ್ಮೆ ಎಲ್ಲಿದೆ? ಸುಮಾರು 8 ಸೆಕೆಂಡ್ ಕಾದು, ಉತ್ತರ ಬರಲಿಲ್ಲ ಅಂದರೆ ಡಿಸ್ಕ್ ಸತ್ತಿದೆ ಅಂತ ಹೊರಗೆ ಹಾಕುತ್ತದೆ. ಎಂಟರ್‌ಪ್ರೈಸ್ ಡಿಸ್ಕ್ ಸಾಮಾನ್ಯವಾಗಿ 7 ಸೆಕೆಂಡಿಗೇ "ನನ್ನ ಕೈಲಿ ಆಗಲ್ಲ" ಅಂತ ಒಪ್ಪಿಕೊಳ್ಳುತ್ತದೆ. ಆ ಭಾಗವನ್ನು ರೈಡ್ ಉಳಿದ ಡಿಸ್ಕ್‌ಗಳಿಂದ ಲೆಕ್ಕ ಹಾಕಿ ತುಂಬಿಕೊಳ್ಳುತ್ತದೆ. ಡಿಸ್ಕ್ ಹೀಗೆ ಬೇಗ ಕೈಚೆಲ್ಲುವುದಕ್ಕೆ ಟಿಎಲ್‌ಇಆರ್, ಇಆರ್‌ಸಿ ಅಂತ ಕಂಪನಿಗೊಂದು ಹೆಸರು.

ತಮಾಷೆ ಏನು ಅಂದರೆ, ಹೊರಬಿದ್ದ ಡಿಸ್ಕನ್ನು ಬೇರೆ ಕಂಪ್ಯೂಟರಿಗೆ ಹಾಕಿದರೆ ಏನೂ ಆಗಿಲ್ಲ ಅನ್ನುವ ಹಾಗೆ ಓಡುತ್ತದೆ. ಓನರ್ ಮುಖ ಅರಳುತ್ತದೆ. "ಚೆನ್ನಾಗೇ ಇದೆಯಲ್ರೀ! ವಾಪಸ್ ಹಾಕಿ." ಹಾಕಿದರೆ ರೀಬಿಲ್ಡ್, ಅಂದರೆ ಉಳಿದ ಡಿಸ್ಕ್‌ಗಳಿಂದ ಲೆಕ್ಕ ಹಾಕಿ ಅದನ್ನು ಮತ್ತೆ ಪೂರ್ತಿ ತುಂಬುವ ಕೆಲಸ. ಬೇರೆ ಕೆಲಸ ಏನೂ ಇಲ್ಲದೆ ಸೆಕೆಂಡಿಗೆ 150 ಎಂಬಿ ಓಡಿದರೂ 8 ಟಿಬಿಗೆ ಸುಮಾರು 15 ಗಂಟೆ. ನಮ್ಮದು ರೈಡ್ 5, ಒಂದು ಡಿಸ್ಕ್ ಹೋದರೆ ಮಾತ್ರ ತಡೆಯುತ್ತದೆ. ಅಷ್ಟು ಹೊತ್ತಿನಲ್ಲಿ ಇನ್ನೊಂದು ಡಿಸ್ಕ್ ಹಠ ಹಿಡಿದರೆ ಮುಗಿಯಿತು.

ಇದರ ಮೇಲೆ ಅವರ ಅಳಿಯ ಬೇರೆ. ಆನ್‌ಲೈನ್ ಬ್ಯಾಕಪ್ ಮಾಡುವ ಬ್ಯಾಕ್‌ಬ್ಲೇಜ್ ಕಂಪನಿ 2013ರಲ್ಲಿ ತನ್ನ ಡಿಸ್ಕ್‌ಗಳ ಲೆಕ್ಕ ಕೊಟ್ಟು, ಎಂಟರ್‌ಪ್ರೈಸ್ ಡಿಸ್ಕ್ ಕಡಿಮೆ ಕೆಡುತ್ತದೆ ಅಂತೇನೂ ಕಾಣಲಿಲ್ಲ ಅಂದಿದ್ದನ್ನು ವಾಟ್ಸಾಪ್ ಮಾಡಿದ್ದಾನೆ. ನಿಜಾನೇ. ಆದರೆ ನನ್ನ ಗೋಳು ಸಾಯುವ ಡಿಸ್ಕಿನದಲ್ಲ, ಬದುಕಿರುವ ಡಿಸ್ಕನ್ನು ಸತ್ತಿದೆ ಅಂತ ಎತ್ತಿ ಹಾಕುವುದು.

ಮೊನ್ನೆ ಒಬ್ಬರು ಫೋನ್ ಮಾಡಿ, ತೀರಿಕೊಂಡ ತಮ್ಮ ತಾಯಿ ಆರತಿ ಎತ್ತುತ್ತಿದ್ದ ವಿಡಿಯೋ ಸಿಗುತ್ತಾ ಅಂತ ಕೇಳಿದರು. ರೀಬಿಲ್ಡ್ 61 ಪರ್ಸೆಂಟಿನಲ್ಲಿತ್ತು. "ನಾಳೆ ಕಳಿಸ್ತೀನಮ್ಮ" ಅಂದೆ. ರಾತ್ರಿ ನಿದ್ದೆ ಬರಲಿಲ್ಲ. ವಿಡಿಯೋ ಸಿಕ್ಕಿತು, ಪುಣ್ಯ.

ಆ ಭಯಕ್ಕೋ ಏನೋ, ಓನರ್ ಕೊನೆಗೂ ಒಂದು ಎಂಟರ್‌ಪ್ರೈಸ್ ಡಿಸ್ಕ್ ಕೊಡಿಸಿದರು. ಒಂದೇ ಒಂದು, "ಸ್ಯಾಂಪಲ್‌ಗೆ". ಯಾವುದಾದರೂ ಹೊರಬಿದ್ದ ತಕ್ಷಣ ಆ ಜಾಗಕ್ಕೆ ಬರಲಿ ಅಂತ ಹಾಟ್ ಸ್ಪೇರ್ ಮಾಡಿಟ್ಟೆ. ಇವತ್ತು ಬೆಳಗ್ಗೆ ಸರ್ವರ್ ಮುಂದೆ ಬಗ್ಗಿ ನೋಡಿದರು.

"ಅಷ್ಟು ದುಡ್ಡು ಕೊಟ್ಟಿದ್ದು ಸುಮ್ನೆ ಕೂತಿದೆಯಲ್ರೀ. ರಿಸೆಪ್ಷನ್ ಕಂಪ್ಯೂಟರ್‌ಗೆ ಹಾಕಿ, ಅದು ಸ್ಲೋ ಆಗಿದೆ."