ಏಳಡಿ ಎತ್ತರದವನನ್ನು ರಿಂಗ್ ಕೆಳಗೇ ಏಕೆ ನಿಲ್ಲಿಸಬೇಕು?

ತಂಡದಲ್ಲಿ ಏಳಡಿ ಎತ್ತರದ ಸೆಂಟರ್ (ಸಾಮಾನ್ಯವಾಗಿ ರಿಂಗ್ ಬಳಿ ಆಡುವ ಎತ್ತರದ ಆಟಗಾರ) ಇದ್ದರೆ ಅವನನ್ನು ರಿಂಗ್ ಕೆಳಗೆ ನಿಲ್ಲಿಸಿ ಚೆಂಡು ಕೊಟ್ಟರೆ ಸಾಕು ಎಂದು ನಂಬಿರುವ ಕೋಚ್‌ಗಳು ಅಮೆರಿಕದ ಕಾಲೇಜು ಬ್ಯಾಸ್ಕೆಟ್‌ಬಾಲ್‌ನಲ್ಲಿ ಇಂದಿಗೂ ಇದ್ದಾರೆ. ಹೊರಗಿನಿಂದ ಶೂಟ್ ಮಾಡಲು, ಪಾಸ್ ಕೊಡಲು, ಡ್ರಿಬ್ಲ್ ಮಾಡುತ್ತ ಒಳನುಗ್ಗಲು ಬರುವವನನ್ನೂ ಹಾಗೆಯೇ ಕಟ್ಟಿಹಾಕುವುದು ನನ್ನ ದೃಷ್ಟಿಯಲ್ಲಿ ಶುದ್ಧ ದುಂದು. ಅಂತಹ ಆಟಗಾರನ ಬೆಲೆಯನ್ನು ಅವನ ಅಂಕಗಳಿಗಿಂತ ಹೆಚ್ಚಾಗಿ, ಎದುರಾಳಿಯ ಎತ್ತರದ ರಕ್ಷಕನನ್ನು ಅವನು ರಿಂಗ್‌ನಿಂದ ಎಷ್ಟು ದೂರ ಎಳೆದು ತರುತ್ತಾನೆ ಎಂಬುದರಿಂದ ಅಳೆಯಬೇಕು.

ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಏಳಡಿಯ ಸೆಂಟರ್ ಫ್ರಾಂಕ್ ಕಮಿನ್ಸ್ಕಿಯ 2014-15ರ ಋತುವನ್ನೇ ನೋಡಿ. ಪಂದ್ಯಕ್ಕೆ ಸರಾಸರಿ 18.8 ಅಂಕ, 8.2 ರಿಬೌಂಡ್ (ಗುರಿ ತಪ್ಪಿ ಹಿಂದಿರುಗಿದ ಚೆಂಡನ್ನು ಹಿಡಿಯುವುದು), ಜೊತೆಗೆ ಎಸೆದ ತ್ರೀ-ಪಾಯಿಂಟರ್‌ಗಳಲ್ಲಿ (ದೂರದ ಗೆರೆಯ ಹೊರಗಿನಿಂದ ಎಸೆಯುವ ಮೂರು ಅಂಕದ ಶಾಟ್) ಶೇ. 41ಕ್ಕೂ ಹೆಚ್ಚು ಯಶಸ್ಸು. ಆತ ತ್ರೀ-ಪಾಯಿಂಟ್ ಗೆರೆಯ ಹೊರಗೆ ಚೆಂಡು ಹಿಡಿದು, ಶೂಟ್ ಮಾಡುವವನಂತೆ ಕೈ ಎತ್ತಿ ಪಂಪ್ ಫೇಕ್ ಕೊಡುತ್ತಿದ್ದ. ರಕ್ಷಕನ ಹಿಮ್ಮಡಿ ನೆಲ ಬಿಟ್ಟದ್ದೇ ತಡ, ಅವಸರವಿಲ್ಲದ ಒಂದೆರಡು ಡ್ರಿಬ್ಲ್‌ಗಳಲ್ಲಿ ಒಳಬಂದು, ಗಿರಕ್ಕನೆ ತಿರುಗಿ ರಿಂಗ್ ಬಳಿಯಿಂದ ಚೆಂಡು ಹಾಕುತ್ತಿದ್ದ. ವೇಗ ಏನೇನೂ ಇರಲಿಲ್ಲ, ಅದರ ಅಗತ್ಯವೂ ಇರಲಿಲ್ಲ.

ಇದರ ಶ್ರೇಯಸ್ಸಿನಲ್ಲಿ ದೊಡ್ಡ ಪಾಲು ಕೋಚ್ ಬೋ ರಯಾನ್‌ಗೆ ಸಲ್ಲಬೇಕು. ಅವರ ಸ್ವಿಂಗ್ ಪದ್ಧತಿಯಲ್ಲಿ ಐವರೂ ಜಾಗ ಬದಲಿಸುತ್ತಲೇ ಇರುವುದರಿಂದ, ಸೆಂಟರ್ ಹೊರಗೆ ಬಂದರೆ ಸಾಮಾನ್ಯವಾಗಿ ಹೊರಗಿನಿಂದ ಚೆಂಡು ನಡೆಸುವ ಗಾರ್ಡ್ ಆದವನೂ ಪೋಸ್ಟ್‌ಗೆ, ಅಂದರೆ ರಿಂಗ್ ಹತ್ತಿರದ ಜಾಗಕ್ಕೆ, ಇಳಿದು ರಿಂಗ್‌ಗೆ ಬೆನ್ನು ಕೊಟ್ಟು ಚೆಂಡು ಕೇಳಬಹುದಿತ್ತು. ಅಂದರೆ ಕಮಿನ್ಸ್ಕಿಯ ಬಹುಮುಖ ಆಟ ಪದ್ಧತಿಗೆ ಕೊಟ್ಟ ವಿನಾಯಿತಿಯಾಗಿರದೆ ಪದ್ಧತಿಯ ಭಾಗವೇ ಆಗಿತ್ತು. ಮೊದಲ ವರ್ಷ ಸರಾಸರಿ ಎರಡು ಅಂಕವನ್ನೂ ಮುಟ್ಟದ ಹುಡುಗನನ್ನು ಅವರು ಕಾದು ಬೆಳೆಸಿದರು. ಒಂದೇ ವರ್ಷಕ್ಕೆ ಆಟಗಾರರು ಕಾಲೇಜು ಬಿಟ್ಟು ಹೋಗುವ ಈ ಕಾಲದಲ್ಲಿ ಆ ತಾಳ್ಮೆ ಎಷ್ಟು ಜನರಿಗಿದೆಯೋ ಕಾಣೆ.

2015ರ ಏಪ್ರಿಲ್ 4ರಂದು ಇಂಡಿಯಾನಾಪೊಲಿಸ್‌ನಲ್ಲಿ ನಡೆದ ರಾಷ್ಟ್ರೀಯ ಕಾಲೇಜು ಟೂರ್ನಿಯ ಸೆಮಿಫೈನಲ್‌ನಲ್ಲಿ, 38 ಪಂದ್ಯಗಳನ್ನು ಸತತವಾಗಿ ಗೆದ್ದು ಬಂದಿದ್ದ ಕೆಂಟಕಿ ವಿಸ್ಕಾನ್ಸಿನ್‌ಗೆ 71-64ರಿಂದ ಸೋತಿತು. ಕಾರ್ಲ್-ಆಂಥನಿ ಟೌನ್ಸ್, ವಿಲ್ಲಿ ಕಾಲಿ-ಸ್ಟೈನ್‌ರಂತಹ ಎತ್ತರದ ಗೋಡೆ ಇದ್ದ ತಂಡವದು. ಕಮಿನ್ಸ್ಕಿ ಹೊರಗೆ ನಿಂತರೆ ಆ ಗೋಡೆಯ ಒಂದು ಭಾಗ ಅವನ ಹಿಂದೆಯೇ ಹೋಗಬೇಕಿತ್ತು, ಇಲ್ಲವೇ ಅವನ ಶಾಟ್‌ಗೆ ತಲೆಬಾಗಬೇಕಿತ್ತು. ಸೆಂಟರ್ ಹೊರಗಿದ್ದರೆ ರಿಬೌಂಡ್ ಯಾರು ಹಿಡಿಯಬೇಕು ಎಂಬ ಹಳೆಯ ತಕರಾರಿಗೂ ಅಂದು ಉತ್ತರ ಸಿಕ್ಕಿತು: ಕಮಿನ್ಸ್ಕಿಯ 20 ಅಂಕಗಳ ಜೊತೆಗೆ 11 ರಿಬೌಂಡ್‌ಗಳಿದ್ದವು.

ಇದಕ್ಕೆ ತದ್ವಿರುದ್ಧವಾದದ್ದು ಅದೇ ಟೂರ್ನಿಯ 2024ರ ಫೈನಲ್. ಪರ್ಡ್ಯೂ ವಿಶ್ವವಿದ್ಯಾಲಯದ ಸೆಂಟರ್ ಜ್ಯಾಕ್ ಈಡಿ ರಿಂಗ್ ಬಳಿಯೇ ಆಡಿ 37 ಅಂಕ ಗಳಿಸಿದರೂ ಯುಕಾನ್ (ಕನೆಕ್ಟಿಕಟ್ ವಿಶ್ವವಿದ್ಯಾಲಯ) 75-60ರಿಂದ ಗೆದ್ದಿತು. ಈಡಿಯನ್ನು ಹೆಚ್ಚಾಗಿ ಒಬ್ಬನ ವಶಕ್ಕೆ ಬಿಟ್ಟು ಉಳಿದವರು ಪರ್ಡ್ಯೂನ ಶೂಟರ್‌ಗಳನ್ನು ಬಿಡದೆ ಹಿಡಿದಿದ್ದರಿಂದ, ಇಡೀ ಪಂದ್ಯದಲ್ಲಿ ಆ ತಂಡಕ್ಕೆ ದಕ್ಕಿದ್ದು ಒಂದೇ ತ್ರೀ-ಪಾಯಿಂಟರ್. ಈಡಿಯದು ಅಸಾಧಾರಣ ಆಟವೇ, ಆದರೆ ಅದರಿಂದ ಉಳಿದ ನಾಲ್ವರಿಗೆ ಜಾಗ ಹುಟ್ಟಲಿಲ್ಲ.

ಹಾಗೆಂದು ಶಾಟ್ ನಂಬಿಕೆಗೆ ಅರ್ಹವಲ್ಲದ ಸೆಂಟರ್‌ನನ್ನು ಹೊರಗೆ ನಿಲ್ಲಿಸುವುದು ವ್ಯರ್ಥ. ರಕ್ಷಕ ಹಿಂದೆ ಸರಿದು ರಿಂಗ್ ಕಾಯುತ್ತಾನೆ. ಅಂಥವನು ಪಾಸ್ ಬಲ್ಲವನಾದರೆ ರಿಂಗ್ ಎದುರಿನ ಫ್ರೀ ಥ್ರೋ ಗೆರೆಯ ಬಳಿ ಚೆಂಡು ಕೊಟ್ಟು, ಅವನ ಸುತ್ತ ಗಾರ್ಡ್‌ಗಳನ್ನು ಒಳಗೆ ಓಡಿಸುವುದೇ ಸರಿ.