ಗೋಂದು ಒಣಗುವವರೆಗೆ

ಪೂಲ್ ಎಂಬ ಮೇಜಿನಾಟದಲ್ಲಿ ಚೆಂಡು ಹೊಡೆಯುವ ಕೋಲು, ಅಂದರೆ ಕ್ಯೂ, ಎಷ್ಟೇ ದುಬಾರಿಯದಾಗಿರಲಿ, ಅದರ ಮಾನ ಉಳಿಯುವುದೂ ಹೋಗುವುದೂ ತುದಿಯಲ್ಲಿ ಅಂಟಿಸಿದ 13 ಮಿಲಿಮೀಟರ್ ಅಗಲದ ‘ಟಿಪ್’ ಎಂಬ ಒಂದು ಚರ್ಮದ ಬಿಲ್ಲೆಯಿಂದ. ಈ ಸಂಗತಿ ಪೂಲ್ ಆಡುವವರಿಗೆಲ್ಲ ತಿಳಿದಿದೆ. ಆ ಬಿಲ್ಲೆಯನ್ನು ಹಿಡಿದಿರುವ ಗೋಂದು ಒಣಗಲು ಸಮಯ ಬೇಕು ಎಂಬುದು ಮಾತ್ರ ನಮ್ಮ ಬಡಾವಣೆಯ ಕ್ಲಬ್ಬಿನಲ್ಲಿ ಒಬ್ಬರಿಗೂ ತಿಳಿದಂತಿಲ್ಲ. ಮೊನ್ನೆ ಭಾನುವಾರ, ಗೆಲ್ಲಲು ಕೊನೆಯಲ್ಲಿ ಹಾಕಬೇಕಾದ ಎಂಟನೆಯ ನಂಬರಿನ ಕಪ್ಪು ಚೆಂಡು ಪಾಕೆಟ್ಟಿನ ಬಾಯಲ್ಲೇ ಕುಳಿತು ನನಗಾಗಿ ಕಾಯುತ್ತಿದ್ದಾಗ, ನಾನು ಹೊಡೆದ ಹೊಡೆತಕ್ಕೆ ಬಿಳಿಯ ಚೆಂಡಿಗಿಂತ ಮೊದಲು ಟಿಪ್ಪೇ ಹಾರಿ ಹೋಯಿತು. ಎದುರಾಳಿಯು, “ಪರವಾಗಿಲ್ಲ ಬಿಡಿ ಸಾರ್, ಇದೆಲ್ಲ ಇದ್ದದ್ದೇ” ಎಂದು ಸಮಾಧಾನ ಹೇಳುತ್ತಲೇ ಕಪ್ಪು ಚೆಂಡನ್ನು ಒಳಗೆ ಹಾಕಿ, ಕೈ ಒರೆಸಿಕೊಂಡು ಕಾಫಿಗೆ ಹೊರಟುಹೋದರು. ಸೋತ ಬೇಸರವನ್ನು ಸಹಿಸಬಹುದು, ಆ ಸಮಾಧಾನವನ್ನು ಸಹಿಸುವುದು ಕಷ್ಟ.

ಪೂಲ್ ಮೇಜು, ಕ್ಯೂಗಳನ್ನು ನೋಡಿಕೊಳ್ಳುತ್ತಿದ್ದ ಹಳೆಯ ಮಾರ್ಕರ್ ಊರಿಗೆ ಹೋದ ಮೇಲೆ ಕ್ಲಬ್ಬಿನ ಕ್ಯೂಗಳಿಗೆ ಟಿಪ್ ಕೂರಿಸುವ ಕೆಲಸ ಯಾರೂ ಕೇಳದೆ, ಯಾರೂ ಹೇಳದೆ ನನ್ನ ಹೆಗಲಿಗೆ ಬಂದಿದೆ. ನೋಡುವವರಿಗೆ ಇದು ಲಕೋಟೆಗೆ ಅಂಚೆಚೀಟಿ ಅಂಟಿಸಿದಷ್ಟೇ ಸುಲಭ. ಆದರೆ ಮೊದಲು ಹಳೆಯ ಟಿಪ್ಪನ್ನು ಕಿತ್ತು, ಕ್ಯೂವಿನ ತುದಿಗೆ ತೊಡಿಸಿರುವ ಫೆರುಲ್ಲಿನ ಮೇಲೆ ಗಟ್ಟಿಯಾಗಿ ಕುಳಿತ ಹಳೆಯ ಗೋಂದನ್ನು ಚೂರೂ ಉಳಿಯದಂತೆ ಕೆರೆಯಬೇಕು, ಮೇಲ್ಮೈ ಸಮತಟ್ಟಾಗಿದೆಯೇ ಎಂದು ಬೆಳಕಿಗೆ ಹಿಡಿದು ನೋಡಬೇಕು. ಹೊಸ ಟಿಪ್ಪಿನ ತಳವನ್ನೂ ಉಪ್ಪುಕಾಗದಕ್ಕೆ ಉಜ್ಜಬೇಕು, ಅದೂ ಕಾಗದವನ್ನು ಮೇಜಿನ ಮೇಲೆ ಮಟ್ಟಸವಾಗಿ ಹಾಸಿ, ಬಿಲ್ಲೆಯನ್ನು ಆಗಾಗ ತಿರುಗಿಸುತ್ತ, ಏಕೆಂದರೆ ಅಂಗೈಯಲ್ಲಿಟ್ಟು ಉಜ್ಜಿದರೆ ಅಂಚು ಸವೆದು ನಡುವೆ ಉಬ್ಬು ಉಳಿಯುತ್ತದೆ. ನಡುವೆ ಉಬ್ಬಿದ ಟಿಪ್ ಅಂಟುವುದಿಲ್ಲ, ಅಂಟಿದಂತೆ ನಟಿಸುತ್ತದೆ. ಬಳಿಕ ಜೆಲ್ ಮಾದರಿಯ ಸೂಪರ್ ಗ್ಲೂ ಒಂದೇ ಹನಿ. ಹೆಚ್ಚು ಹಾಕಿದರೆ ಹೆಚ್ಚು ಗಟ್ಟಿ ಎಂದು ತಿಳಿದವರೇ ಹೆಚ್ಚು, ಆದರೆ ಈ ಗೋಂದು ಗಾಳಿಯ ತೇವದಿಂದ ಗಟ್ಟಿಯಾಗುವಂಥದ್ದು. ಪದರ ದಪ್ಪವಾದಷ್ಟೂ ಅದರ ಹೊಟ್ಟೆ ಹಸಿಯಾಗಿಯೇ ಉಳಿಯುತ್ತದೆ.

ಒತ್ತಿ ಹಿಡಿದು ಬಿಟ್ಟ ಮೇಲೆ ಇರುವುದು ಕಾಯುವ ಕೆಲಸ. ಕಾದಾದ ಮೇಲೆ ಕ್ಯೂವನ್ನು ತಲೆಕೆಳಗಾಗಿ ಹಲಗೆಯ ಮೇಲೆ ನಿಲ್ಲಿಸಿ, ಫೆರುಲ್ಲಿನಿಂದ ಹೊರಚಾಚಿದ ಚರ್ಮವನ್ನು ಬ್ಲೇಡಿನಿಂದ ಕೆಳಮುಖವಾಗಿ ಕೊಯ್ದು, ಅಂಚಿಗೆ ಎಂಜಲು ಸವರಿ, ತೊಗಲಿನ ತುಂಡಿನಿಂದ ಹೊಳಪು ಬರುವವರೆಗೆ ತಿಕ್ಕಬೇಕು. ತಲೆಯನ್ನು ನಾಣ್ಯದ ಅಂಚಿನ ಬಾಗಿಗೆ ಹೊಂದುವಂತೆ ದುಂಡಗೆ ಮಾಡಿ, ಚೆಂಡಿನ ಮೇಲೆ ಜಾರದಿರಲೆಂದು ಹಚ್ಚುವ ಚಾಕ್ ಹಿಡಿಯುವಷ್ಟು ಒರಟಾಗಿ ಉಳಿಸಬೇಕು. ಇಷ್ಟೆಲ್ಲ ಮಾಡಿದ ಮೇಲೆ ಟಿಪ್ ಪ್ರತಿ ಹೊಡೆತದಲ್ಲೂ ಚೆಂಡನ್ನು ಮುಟ್ಟಿಕೊಂಡಿರುವುದು ಸುಮಾರು ಒಂದು ಸೆಕೆಂಡಿನ ಸಾವಿರದಲ್ಲಿ ಒಂದು ಭಾಗದಷ್ಟು ಹೊತ್ತು. ಆ ಅಷ್ಟು ಹೊತ್ತಿನಲ್ಲಿ ತಪ್ಪಿದ ಪ್ರತಿಯೊಂದು ಹೊಡೆತಕ್ಕೂ ನಮ್ಮ ಸದಸ್ಯರು ಟಿಪ್ಪನ್ನೇ ದೂರುತ್ತಾರೆ. ಬಿಲಿಯರ್ಡ್ಸ್, ಸ್ನೂಕರ್‌ಗಳಲ್ಲಿ ಹಲವು ಬಾರಿ ವಿಶ್ವ ಚಾಂಪಿಯನ್ ಆದ ಪಂಕಜ್ ಅಡ್ವಾಣಿಯವರು ಬೆಳೆದದ್ದೂ ಇದೇ ಬೆಂಗಳೂರಿನಲ್ಲಿ, ಆದ್ದರಿಂದ ತಮಗೂ ಅವರಿಗೂ ನಡುವೆ ಇರುವುದು ಒಂದು ಒಳ್ಳೆಯ ಟಿಪ್ಪಿನ ಅಂತರ ಮಾತ್ರ ಎಂಬುದು ಇವರ ದೃಢವಾದ ನಂಬಿಕೆ.

ಮೃದುವಾದ ಟಿಪ್ಪುಗಳು ಹೊಡೆತ ತಿಂದು ಅಣಬೆಯಂತೆ ಅಗಲವಾಗುತ್ತವೆ. ಅದನ್ನು ತಡೆಯಲು ಬಲ್ಲವರು ಹೇಳುವ ಉಪಾಯವೆಂದರೆ, ಟಿಪ್ಪನ್ನು ಹಾಲಿನಲ್ಲಿ ನೆನೆಹಾಕಿ, ಒಣಗಿಸಿ, ಇಕ್ಕಳದಲ್ಲಿ ಸಿಕ್ಕಿಸಿ ಬಿಗಿಯಾಗಿ ಒತ್ತುವುದು. ಈ ಉಪಾಯವನ್ನು ಕಂಡುಹಿಡಿದವರ ಮನೆಯಲ್ಲಿ ಫ್ರಿಜ್ಜಿನ ಬಾಗಿಲು ತೆಗೆಯುವವರು ಬೇರೆ ಯಾರೂ ಇರಲಿಲ್ಲವೆಂದು ತೋರುತ್ತದೆ. “ಇದೇನ್ರೀ ಹಾಲಿನಲ್ಲಿ?” ಎಂದು ನನ್ನಾಕೆ ಕೇಳಿದಾಗ ಚರ್ಮ ಎಂದೆ. “ಯಾವುದರ ಚರ್ಮ?” ಎಂದಳು. ದನದ್ದೆಂದರೆ ಒಂದು ಕಷ್ಟ. ಜಪಾನಿನಿಂದ ಬರುವ ಪದರ ಪದರದ ಟಿಪ್ಪುಗಳಂತೂ ಹಂದಿಯ ತೊಗಲಿನವು, ಅದೆಂದರೆ ಇನ್ನೊಂದು ಕಷ್ಟ. ನಾನು ಮೌನವಾಗಿದ್ದೆ. ಆ ಬಟ್ಟಲು ಅಂದೇ ಅಡುಗೆಮನೆಯಿಂದ ಗಡೀಪಾರಾಗಿ ಸ್ಕೂಟರಿನ ಪಕ್ಕದಲ್ಲಿ ನೆಲೆಸಿದೆ.

ಆದರೆ ನನ್ನ ನಿಜವಾದ ದೂರು ಕ್ಲಬ್ಬಿನ ಖಜಾಂಚಿಗಳ ಮೇಲೆ. ಅವರು ಸಜ್ಜನರು, ಲೆಕ್ಕದಲ್ಲಿ ಒಂದು ಪೈಸೆ ಆಚೀಚೆ ಮಾಡಿದವರಲ್ಲ. ಆದರೆ ಯಾವುದೇ ವಸ್ತು ಒಣಗಿದೆಯೇ ಎಂದು ಮುಟ್ಟಿ ನೋಡದೆ ಅವರ ಕೈ ಸುಮ್ಮನಿರದು. ಕ್ಲಬ್ಬಿನ ಹಸಿರು ಗೇಟಿನ ಮೇಲೆ ಅವರ ನಾಲ್ಕು ಬೆರಳುಗಳ ಗುರುತು ಇಂದಿಗೂ ಇದೆ. ಬ್ಯಾಡ್ಮಿಂಟನ್ ಅಂಗಳದ ಅಂಚಿನ ಸಿಮೆಂಟಿನಲ್ಲಿ ಅವರ ಬಲಗಾಲಿನ ಚಪ್ಪಲಿಯ ಅಚ್ಚು ಕಂಪನಿಯ ಹೆಸರಿನ ಸಮೇತ ಮೂಡಿದೆ. ಹೀಗಿರುವಾಗ, ಒಮ್ಮೆ ನಾನು ಹೊಸ ಟಿಪ್ ಅಂಟಿಸಿ, ಕ್ಯೂವನ್ನು ಮೂಲೆಯಲ್ಲಿ ನಿಲ್ಲಿಸಿ, “ಮುಟ್ಟಬೇಡಿ, ಗೋಂದು ಹಸಿಯಾಗಿದೆ” ಎಂದು ಚೀಟಿ ಬರೆದು ತೂಗುಹಾಕಿ ಟೀ ಕುಡಿಯಲು ಹೋದೆ. ಖಜಾಂಚಿಗಳು ಬಂದರು, ಕನ್ನಡಕ ಏರಿಸಿ ಚೀಟಿಯನ್ನು ಎಲ್ಲರಿಗೂ ಕೇಳುವಂತೆ ಓದಿದರು, ಅದರಲ್ಲಿ ಬರೆದದ್ದು ನಿಜವೇ ಎಂದು ಪರೀಕ್ಷಿಸಲು ಹೆಬ್ಬೆರಳನ್ನು ಟಿಪ್ಪಿನ ಮೇಲೆ ಒತ್ತಿದರು. ಬರೆದದ್ದು ನಿಜವಾಗಿತ್ತು.

ನಾನು ಮರಳಿ ಬಂದಾಗ ಅವರು 58 ಅಂಗುಲದ ಕ್ಯೂವನ್ನು ಹೆಬ್ಬೆರಳಿನ ತುದಿಯಲ್ಲಿ ಧರಿಸಿಕೊಂಡು, ಏನೂ ಆಗಿಲ್ಲವೆಂಬಂತೆ ಗೋಡೆಯ ಮೇಲಿನ ಕ್ಯಾಲೆಂಡರನ್ನು ಓದುತ್ತ ನಿಂತಿದ್ದರು. ಯಾರೋ ನಮಸ್ಕಾರ ಎಂದರು. ಪ್ರತಿನಮಸ್ಕಾರಕ್ಕೆಂದು ಅಭ್ಯಾಸಬಲದಿಂದ ಎರಡೂ ಕೈ ಎತ್ತಿದರು, ಕ್ಯೂವಿನ ಬುಡ ಬಲ್ಬಿಗೆ ತಗುಲಿತು. ಫೋನು ಬಂತು, ಅದು ಬಲಗಡೆಯ ಜೇಬಿನಲ್ಲಿತ್ತು, ಬಲಗೈಯೋ ಬಂಧನದಲ್ಲಿತ್ತು. ಕೊನೆಗೆ ಬ್ಯಾಡ್ಮಿಂಟನ್ನಿಗೆ ಬಂದ ಹುಡುಗಿಯೊಬ್ಬಳು ತನ್ನ ಚೀಲದಿಂದ ಉಗುರುಬಣ್ಣ ತೆಗೆಯುವ ದ್ರವದ ಸೀಸೆಯನ್ನು ತೆಗೆದುಕೊಟ್ಟಳು. ಅದರಲ್ಲಿರುವ ಅಸಿಟೋನಿಗೆ ಈ ಗೋಂದು ಕರಗುತ್ತದೆ, ಆದರೆ ಹೆಬ್ಬೆರಳಿನ ಗೋಂದು ಯಾವುದು, ಫೆರುಲ್ಲಿನ ಗೋಂದು ಯಾವುದು ಎಂಬ ಭೇದವನ್ನು ಅದು ಮಾಡುವುದಿಲ್ಲ. ಟಿಪ್ ಎರಡನ್ನೂ ಬಿಟ್ಟು ನೆಲಕ್ಕೆ ಬಿತ್ತು. ಖಜಾಂಚಿಗಳು ಅದನ್ನು ಎತ್ತಿ ನನ್ನ ಕೈಗೆ ಕೊಟ್ಟು, “ನೋಡಿ ರಾಯರೇ, ಸರಿಯಾಗಿ ಅಂಟಿರಲೇ ಇಲ್ಲ” ಎಂದರು.

ಆ ಪ್ರಸಂಗದಿಂದ ಅವರು ಪಾಠ ಕಲಿತಿಲ್ಲವೆಂದರೆ ತಪ್ಪಾಗುತ್ತದೆ. ಈಗ ಅವರು ಹೆಬ್ಬೆರಳಿನಿಂದ ಒತ್ತುವುದಿಲ್ಲ, ಟಿಪ್ಪಿನ ಅಂಚಿಗೆ ಉಗುರು ಸಿಕ್ಕಿಸಿ ಮೆಲ್ಲನೆ ಎತ್ತಿ ನೋಡುತ್ತಾರೆ. ಶನಿವಾರ ರಾತ್ರಿ ಹಾಗೆ ಎತ್ತಿ ನೋಡಿದ್ದಕ್ಕೆ ಸಾಕ್ಷಿಗಳಿದ್ದಾರೆ. ಭಾನುವಾರದ ಕತೆ ನಿಮಗೆ ಗೊತ್ತೇ ಇದೆ.

ಕ್ಯೂವಿಗೆ ಚರ್ಮದ ಟಿಪ್ ತೊಡಿಸಿದ ಕೀರ್ತಿ ಫ್ರಾಂಸ್ವಾ ಮಿಂಗೋ ಎಂಬ ಫ್ರೆಂಚ್ ಸೇನಾಧಿಕಾರಿಗೆ ಸಲ್ಲುತ್ತದೆ. 19ನೆಯ ಶತಮಾನದ ಆರಂಭದಲ್ಲಿ ಪ್ಯಾರಿಸ್ಸಿನ ಸೆರೆಮನೆಯಲ್ಲಿ ಇದ್ದಾಗ ಅವನು ಈ ಪ್ರಯೋಗ ನಡೆಸಿದನೆಂದೂ, ಬಿಡುಗಡೆಯ ಹೊತ್ತಿಗೆ ಅಭ್ಯಾಸ ಮುಗಿಯದೆ ಇನ್ನಷ್ಟು ದಿನ ಒಳಗೇ ಇರಿಸಿಕೊಳ್ಳುವಂತೆ ಕೇಳಿಕೊಂಡನೆಂದೂ ಹೇಳುತ್ತಾರೆ. ಓದಿದವರೆಲ್ಲ ಇದನ್ನು ಆಟದ ಹುಚ್ಚು ಎನ್ನುತ್ತಾರೆ. ನನಗಂತೂ ಅವನ ಬೇಡಿಕೆ ಅತ್ಯಂತ ವಿವೇಕದ್ದಾಗಿ ಕಾಣುತ್ತದೆ. ಹೊರಗೆ ಖಜಾಂಚಿಗಳಿರುತ್ತಾರೆ.

ನಮ್ಮ ಹಳೆಯ ಮಾರ್ಕರ್‌ಗೆ ಸೆರೆಮನೆ ಬೇಕಿರಲಿಲ್ಲ, ಒಂದು ಬೀಗ ಸಾಕಿತ್ತು. ಟಿಪ್ ಅಂಟಿಸಿದ ಕ್ಯೂಗಳನ್ನು ಕಪಾಟಿನಲ್ಲಿಟ್ಟು ಬೀಗ ಜಡಿದು, ಕೀಲಿಯನ್ನು ಉಡುದಾರಕ್ಕೆ ಕಟ್ಟಿಕೊಂಡು ಬಾಗಿಲ ಬಳಿ ಸ್ಟೂಲು ಹಾಕಿ ಕೂರುತ್ತಿದ್ದರು. ಅಧ್ಯಕ್ಷರೇ ಬಂದು ಕೇಳಿದರೂ, “ನಾಳೆ ಸಾರ್” ಎಂಬ ಎರಡೇ ಮಾತು. ಟಿಪ್ಪಿನ ಅಂಚಿಗೆ ಅವರು ಕೊಡುತ್ತಿದ್ದ ಹೊಳಪು ನನ್ನ ಕೈಗೆ ಇಂದಿಗೂ ಬಂದಿಲ್ಲ. ಊರಿಗೆ ಹೊರಡುವ ದಿನ ತಮ್ಮ ಬ್ಲೇಡು, ತೊಗಲಿನ ತುಂಡು, ಸವೆದ ಅರಗಳನ್ನು ಒಂದು ಬಿಸ್ಕತ್ತಿನ ಡಬ್ಬಿಯಲ್ಲಿ ಹಾಕಿ ನನ್ನ ಕೈಗಿಟ್ಟರು. ಕೀಲಿಯನ್ನು ನಿಯಮದ ಪ್ರಕಾರ ಕಚೇರಿಗೆ ಒಪ್ಪಿಸಿದರು. ಅದು ಈಗ ಎಲ್ಲಿದೆಯೋ ಯಾರಿಗೂ ಗೊತ್ತಿಲ್ಲ, ಕಪಾಟಿನಲ್ಲಿ ಹಳೆಯ ದೀಪಾವಳಿ ಸೀರಿಯಲ್ ಸೆಟ್ಟುಗಳಿವೆ.

ಭಾನುವಾರದ ಸೋಲಿನ ಬಳಿಕ ನಾನು ಸಮಿತಿಗೆ ಲಿಖಿತ ಮನವಿ ಕೊಟ್ಟಿದ್ದೇನೆ: ಕಪಾಟಿಗೆ ಒಂದು ಹೊಸ ಬೀಗ, ಒಳ್ಳೆಯ ಗೋಂದಿನ ಒಂದು ಟ್ಯೂಬು. ಬೀಗದ ವಿಷಯವನ್ನು ಸರ್ವಸದಸ್ಯರ ಸಭೆಗೆ ಮುಂದೂಡಲಾಗಿದೆ. ಗೋಂದಿಗೆ ಖಜಾಂಚಿಗಳು ಮೂರು ಕೊಟೇಷನ್ ಕೇಳಿದ್ದಾರೆ. ಹಾರ್ಡ್‌ವೇರ್ ಅಂಗಡಿಯವರು ಒಂದನ್ನು ಕೊಟ್ಟರು, ಸ್ಟೇಷನರಿಯವರು ನಕ್ಕು ಒಂದನ್ನು ಬರೆದುಕೊಟ್ಟರು. ಮೂರನೆಯ ಅಂಗಡಿ ನಮ್ಮ ಬೀದಿಯಲ್ಲಿ ಇಲ್ಲ. ಈ ನಡುವೆ ಸ್ಟೇಷನರಿಯವರು ನಮೂನೆಗೆಂದು ಕಳಿಸಿದ ಟ್ಯೂಬನ್ನು ಖಜಾಂಚಿಗಳು ಗುಣಮಟ್ಟ ಪರೀಕ್ಷೆಗಾಗಿ ಮುಚ್ಚಳ ತೆಗೆದು ನೋಡಿದ್ದಾರೆ, ಅದು ಒಳಗೇ ಗಟ್ಟಿಯಾಗಿದೆ.